ಕಂಬದ ಹತ್ತಿರ ಇಳಿಯುವವನು

ಕಂಬ ಇನ್ನೂ ಅಷ್ಟು ದೂರದಲ್ಲಿರುವಾಗಲೇ ಅವನ ಬಲಗಾಲಿಗೆ ಗೊತ್ತಾಗಿಬಿಡುತ್ತಿತ್ತು. ಇವತ್ತು ಇಳಿಯುವುದಿಲ್ಲ, ಏನಾದರಾಗಲಿ ಇಳಿಯುವುದಿಲ್ಲ ಎಂದು ಮನಸ್ಸು ಹಟ ಹಿಡಿದಿರುವಾಗಲೇ ಕಾಲು ಯಾರನ್ನೂ ಕೇಳದೆ ಪೆಡಲು ಬಿಟ್ಟು, ಸೀಟಿನ ಹಿಂದಿನಿಂದ ಅರ್ಧ ಸುತ್ತು ಬಂದು ನೆಲಕ್ಕೆ ಊರುತ್ತಿತ್ತು. ಆಮೇಲೆ ಉಳಿದದ್ದು ತಳ್ಳುವ ಕೆಲಸ. ಏರು ಅಲ್ಲಿ ಮಹಾ ಕಡಿದೇನೂ ಆಗಿರಲಿಲ್ಲ. ಅದಕ್ಕಿಂತ ಕೆಳಗೆ, ಮೋರಿಯ ಹತ್ತಿರ, ರಸ್ತೆ ಎದೆಗೇ ಒದೆಯುವ ಹಾಗೆ ಎದ್ದು ನಿಂತಿತ್ತು. ಆದರೆ ಮೋರಿಯ ಹತ್ತಿರ ಇಳಿದರೆ ನೋಡುವವರು ಯಾರೂ ಇರಲಿಲ್ಲ. ಕಂಬದ ಹತ್ತಿರ ಇಳಿದರೆ ಎಡಗಡೆಗೆ ಅಕ್ಕನ ಮನೆ. ರಸ್ತೆಗೇ ಬಾಯಿ ತೆರೆದುಕೊಂಡ ಮುಂದಿನ ಕೋಣೆ, ಬೆಳಕು ಬೀಳುವ ಕಡೆಗೆ ಹೊಲಿಗೆ ಯಂತ್ರ, ಯಂತ್ರದ ಮೇಲೆ ಬಗ್ಗಿದ ನರೆತ ತಲೆ. ಯಂತ್ರದ ಸದ್ದು ಮೋರಿಯಿಂದಲೇ ಕೇಳಿಸಲು ಶುರುವಾಗುತ್ತಿತ್ತು. ಅವನು ಇಳಿದು ತಳ್ಳತೊಡಗಿದ ಕೂಡಲೇ ಸೈಕಲ್ಲಿನ ಹಿಂದಿನ ಚಕ್ರ ಟಿಕ್ ಟಿಕ್ ಟಿಕ್ ಎನ್ನುತ್ತಿತ್ತು. ತುಳಿಯುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಚಕ್ರ, ತುಳಿಯುವುದು ನಿಂತರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಹಲ್ಲು ಕಡಿಯುತ್ತದೆ. ಆ ಟಿಕ್ ಟಿಕ್ ಬಾಗಿಲಿನ ನೇರಕ್ಕೆ ಬಂದಾಗ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಅಕ್ಕ ತಲೆ ಎತ್ತುತ್ತಿರಲಿಲ್ಲ. ಅವನೂ ತಿರುಗುತ್ತಿರಲಿಲ್ಲ. ಬೀದಿಯಲ್ಲಿ ಅವನ ಚಕ್ರದ ಸದ್ದೊಂದೇ ಉಳಿದು, ಅವನು ಮೇಲಿನ ತಿರುವು ದಾಟಿ ಮರೆಯಾದ ಮೇಲೆ, ಯಂತ್ರ ಮತ್ತೆ ಹೊರಡುತ್ತಿತ್ತು.

ಅಪ್ಪ ಹೋದ ಮೇಲೆ ನಾಲ್ಕು ವರ್ಷ ಹೀಗೇ ನಡೆದಿತ್ತು. ಅಕ್ಕ ಬೈದಿದ್ದರೆ ಬೈಸಿಕೊಳ್ಳಬಹುದಿತ್ತು, ಬಾಗಿಲು ಹಾಕಿಕೊಂಡಿದ್ದರೆ ಮುಚ್ಚಿದ ಬಾಗಿಲು ನೋಡಿಕೊಂಡು ಹೋಗಬಹುದಿತ್ತು. ಆದರೆ ಒಬ್ಬ ಮನುಷ್ಯ ಎದುರಿಗೆ ಹಾದುಹೋಗುವಷ್ಟು ಹೊತ್ತು ಕೈಯಲ್ಲಿರುವ ಕೆಲಸ ನಿಲ್ಲಿಸಿ ಸುಮ್ಮನೆ ಕೂರುವುದು, ಅವನ ನೆರಳು ಬಟ್ಟೆಗೆ ತಾಗಬಾರದು ಎನ್ನುವ ಹಾಗೆ ಕೂರುವುದು, ಇದನ್ನು ಎಲ್ಲಿಗೆ ಕೊಂಡುಹೋಗಿ ಇಳಿಸುವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಗುಡ್ಡದ ನೆತ್ತಿಯ ಮೇಲಿನ ಬೀಜ ಪರೀಕ್ಷಾ ಕೇಂದ್ರಕ್ಕೆ ಇದ್ದದ್ದು ಅದೊಂದೇ ರಸ್ತೆ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದರೆ, ಬಸ್ಸು ಕೊನೆಗೆ ನಿಲ್ಲುವುದೇ ಆ ಕಂಬದ ಹತ್ತಿರ, ಅಲ್ಲಿಂದ ಮೇಲಕ್ಕೆ ನಡೆದೇ ಹೋಗಬೇಕು. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟೇ: ಇಳಿಯದೆ ಹತ್ತಬೇಕು. ತುಳಿಯುತ್ತಲೇ ಹೋದರೆ ಚಕ್ರ ಸದ್ದು ಮಾಡುವುದಿಲ್ಲ, ಅಕ್ಕನಿಗೆ ಯಂತ್ರ ನಿಲ್ಲಿಸುವಷ್ಟು ಹೊತ್ತೂ ಸಿಗುವುದಿಲ್ಲ. ರಸ್ತೆಯಲ್ಲಿ ಹೋಗುವ ಹತ್ತು ಜನರಲ್ಲಿ ತಾನೂ ಒಬ್ಬನಾಗಿ ದಾಟಿಬಿಡಬಹುದು. ಐವತ್ತು ದಾಟಿದವನು ಏರು ಹತ್ತುವುದನ್ನು ಕಲಿಯಲು ಹೊರಟದ್ದು ಇಷ್ಟಕ್ಕಾಗಿ.

"ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ನಿಮಗೆ?" ಎಂದು ಹೆಂಡತಿ ಕೇಳಿದ್ದಳು, ಅವನು ಸೀಟನ್ನು ಎತ್ತರಿಸಿ ತಿರುಪು ಬಿಗಿಯುತ್ತಿದ್ದಾಗ. "ಮಂಡಿ ನೋವು ಅಂತ ರಾತ್ರಿಯೆಲ್ಲ ಎಣ್ಣೆ ತಿಕ್ಕಿಸ್ಕೋತೀರಿ. ಬೆಳಿಗ್ಗೆ ಎದ್ದು ಕುದುರೆ ಹತ್ತೋಕೆ ಹೊರಟಿದೀರಿ."

"ಸೀಟು ತಗ್ಗಾಗಿದ್ರೆ ಮಂಡಿ ನೋಯುತ್ತೆ. ಎತ್ತರ ಇದ್ರೆ ನೋಯಲ್ಲ."

"ಯಾರು ಹೇಳಿದ್ದು?"

"ನಮ್ಮ ಗೇಟಿನವನು."

"ಆ ಚಾಂಪಿಯನ್ನಾ? ಅವನು ಸೈಕಲ್ ತುಳಿದಿದ್ದು ನೀವು ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಕೇಂದ್ರದ ಗೇಟು ಕಾಯುವ ಆ ಮನುಷ್ಯ ಹರೆಯದಲ್ಲಿ ಸೈಕಲ್ ಪಂದ್ಯಗಳನ್ನು ಗೆದ್ದವನೆಂದು ತಾನೇ ಹೇಳಿಕೊಂಡು ಆ ಹೆಸರು ಸಂಪಾದಿಸಿದ್ದ. ಬರುವುದು ಹೋಗುವುದು ಮಾತ್ರ ಬಸ್ಸಿನಲ್ಲಿ. ಅವನ ಉಪದೇಶಗಳಲ್ಲಿ ಮುಕ್ಕಾಲು ಪಾಲು ಅವನದೇ ಪ್ರತಾಪ. ಏರು ಕಂಡ ಕೂಡಲೇ ಸೀಟಿನಿಂದ ಎದ್ದು ನಿಂತು ತುಳಿಯಬೇಕು, ಹಲ್ಲು ಕಚ್ಚಬೇಕು, ಏರನ್ನು ಶತ್ರು ಅಂದುಕೊಳ್ಳಬೇಕು. ಹಾಗೆ ಮಾಡಿದ ದಿನ ಅವನು ಮೋರಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತು, ಬೆಳಗಿನ ತಿಂಡಿ ಹೊರಗೆ ಬರುತ್ತದೋ ಒಳಗೇ ಉಳಿಯುತ್ತದೋ ಎಂದು ಕಾಯಬೇಕಾಯಿತು. ತರಕಾರಿ ಬುಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ಪಕ್ಕದಲ್ಲೇ ಸೈಕಲ್ ತುಳಿಯುತ್ತ ಹೋಗುವಾಗ "ನೀರು ಬೇಕಾ ಅಜ್ಜಾ?" ಎಂದಳು. ಅಜ್ಜ ಎನ್ನಿಸಿಕೊಂಡದ್ದು ಅದೇ ಮೊದಲು. ಬೇಡ ಎನ್ನಲು ಉಸಿರಿಲ್ಲದೆ ಕೈ ಆಡಿಸಿದ. ಅವಳು ಅದನ್ನು ಬೀಳ್ಕೊಡುಗೆ ಅಂದುಕೊಂಡು ತಾನೂ ಕೈ ಬೀಸಿ ಹೋದಳು.

ಆಮೇಲೆ ರಜೆಯ ದಿನಗಳಲ್ಲಿ ಊರಾಚೆಯ ಕಲ್ಲುಗಣಿಯ ರಸ್ತೆಗೆ ಹೋಗತೊಡಗಿದ. ಗಣಿ ನಿಂತು ಎಷ್ಟೋ ಕಾಲವಾಗಿ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬಿದ್ದರೆ ಬಿದ್ದದ್ದು ಕಲ್ಲಿಗೆ ಮಾತ್ರ ಗೊತ್ತು. ಅಲ್ಲಿ ಅವನಿಗೆ ತನ್ನ ತಪ್ಪು ಒಂದೊಂದಾಗಿ ಕಾಣಿಸಿಕೊಂಡಿತು. ಏರು ಬರುವ ಮೊದಲೇ ಅದಕ್ಕೆ ಹೆದರಿ ಸಮತಟ್ಟಿನಲ್ಲಿ ಓಡಿಸಿ ದಮ್ಮು ಕಳೆದುಕೊಳ್ಳುತ್ತಿದ್ದ. ನೆತ್ತಿಯ ಕಡೆಗೆ ನೋಡುತ್ತಿದ್ದ. ನೋಡಿದಷ್ಟೂ ನೆತ್ತಿ ಹಿಂದಕ್ಕೆ ಸರಿಯುತ್ತಿತ್ತು. ಹ್ಯಾಂಡಲನ್ನು ಯಾರದೋ ಕುತ್ತಿಗೆಯೇನೋ ಎಂಬಂತೆ ಹಿಸುಕುತ್ತಿದ್ದ. ಉಸಿರನ್ನು ಎಳೆದುಕೊಳ್ಳುತ್ತಿದ್ದನೇ ಹೊರತು ಬಿಡುತ್ತಲೇ ಇರಲಿಲ್ಲ. ಪೇಟೆಯಲ್ಲಿ ಹಿಂದಿನ ಚಕ್ರಕ್ಕೆ, ಚೈನು ಕೂರುವಲ್ಲಿ, ದೊಡ್ಡ ಹಲ್ಲುಬಿಲ್ಲೆ ಹಾಕಿಸಿದ ಮೇಲೆ ಕಾಲಿಗೆ ಭಾರ ತಗ್ಗಿತು, ನಿಜ. ಆದರೆ ಸೈಕಲ್ಲು ನಡೆಯುವವನಿಗಿಂತ ಸ್ವಲ್ಪವೇ ಮುಂದೆ ಹೋಗುವಷ್ಟು ನಿಧಾನವಾಯಿತು. ಆ ನಿಧಾನವನ್ನು ತಡೆದುಕೊಳ್ಳುವುದೇ ಕಷ್ಟದ ಪಾಠವಾಗಿತ್ತು. ಕಾಲಿಗೆ ಅವಸರ. ಎರಡು ಸಲ ಜೋರಾಗಿ, ಮೂರನೆಯದಕ್ಕೆ ಸೋತು, ಮತ್ತೆ ಎರಡು ಸಲ ಜೋರಾಗಿ. ಒಂದು ದಿನ ಹಾಗೆ ತುಳಿಯುತ್ತಿದ್ದವನ ಕಿವಿಯಲ್ಲಿ ಯಾರೋ "ಒಂದೇ ಸಮ" ಎಂದರು.

ಒಂದೇ ಸಮ ಕಣೋ. ಯಂತ್ರದ ಹಲಗೆಯ ಕೆಳಗೆ ಕತ್ತಲು. ಎಣ್ಣೆಯ, ಹೊಸ ಬಟ್ಟೆಯ ಗಂಜಿಯ ವಾಸನೆ. ಅಕ್ಕನ ಪಾದ ಎರಡೂ ಒಂದು ಬದಿಗೆ ಸರಿದಿವೆ, ಬೆಳಗಿನಿಂದ ತುಳಿದು ಊದಿಕೊಂಡಿವೆ. ತುಳಿಯುವ ಕಬ್ಬಿಣದ ಹಲಗೆಯನ್ನು ಕೆಳಗೆ ಕೂತ ಪುಟ್ಟ ಹುಡುಗ, ಅವನು, ಎರಡೂ ಕೈಯಿಂದ ಒತ್ತುತ್ತಿದ್ದಾನೆ. ತುಳಿಯೋದು ನಿಂದು, ಹೊಲಿಯೋದು ನಂದು ಎಂದು ಒಪ್ಪಂದವಾಗಿದೆ. ಅವನಿಗೆ ಖುಷಿಯಾದರೆ ಜೋರಾಗಿ ಒತ್ತುತ್ತಾನೆ, ಮೇಲೆ ಹೊಲಿಗೆ ಓಡಿಹೋಗಿ ಅಕ್ಕ "ಅಯ್ಯೋ ರಾವಣ!" ಎನ್ನುತ್ತಾಳೆ. "ಒಂದೇ ಸಮ ಕಣೋ. ನಿಧಾನ ಆದ್ರೆ ಆಗ್ಲಿ, ನಿಂತ್ರೂ ಪರವಾಗಿಲ್ಲ. ಚಕ್ರ ಹಿಂದಕ್ಕೆ ಮಾತ್ರ ತಿರುಗಬಾರದು. ಹಿಂದಕ್ಕೆ ಹೋಯ್ತೋ, ನೂಲು ತುಂಡಾಗುತ್ತೆ." ತುಂಡಾದ ನೂಲನ್ನು ಅವಳು ಹಲ್ಲಿನಲ್ಲಿ ಕಚ್ಚಿ, ತುದಿ ಒದ್ದೆ ಮಾಡಿ, ಸೂಜಿಗೆ ಪೋಣಿಸುವ ತನಕ ಅವನು ಹಲಗೆಯ ಮೇಲೆ ಕೈ ಇಟ್ಟು ಅಲುಗಾಡದೆ ಕಾಯುತ್ತಾನೆ. ಕಲ್ಲುಗಣಿಯ ಏರಿನಲ್ಲಿ ಅವನು ಆ ಲಯಕ್ಕೆ ಕಾಲು ಕೂಡಿಸಿದ. ಹಲಗೆ ಕೆಳಗೆ, ಹಲಗೆ ಮೇಲೆ. ಕಣ್ಣು ಮುಂದಿನ ಚಕ್ರದ ಎದುರಿನ ಒಂದು ಮಾರು ನೆಲದ ಮೇಲೆ. ಎಷ್ಟು ಹೊತ್ತಾಯಿತೋ, ತಲೆ ಎತ್ತಿದಾಗ ಏರು ಮುಗಿದಿತ್ತು. ಗಣಿಯ ಅಂಚಿನಲ್ಲಿ ನಿಂತು, ಕೆಳಗಿನ ಹಸಿರು ನೀರನ್ನು ನೋಡುತ್ತ, ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿ, ಹೇಳಬಹುದಾದವಳು ಒಬ್ಬಳೇ ಎಂದು ತಿಳಿದು, ಸೈಕಲ್ ತಿರುಗಿಸಿದ.

ಆದರೆ ಕಂಬ ಕಂಬವೇ. ಕಲ್ಲುಗಣಿಯಲ್ಲಿ ಹತ್ತಿದ ಕಾಲು, ಕೆಲಸದ ದಿನ ಮೋರಿಯನ್ನು ಬಾಯಿ ಮುಚ್ಚಿಕೊಂಡೇ ದಾಟಿದ ಕಾಲು, ಕಂಬ ಬಂದ ಕೂಡಲೇ ಹಳೆಯ ಎತ್ತಿನ ಹಾಗೆ ತಾನಾಗಿ ನಿಲ್ಲುತ್ತಿತ್ತು. ದಮ್ಮು ಉಳಿದಿರುತ್ತಿತ್ತು. ತೊಡೆಯಲ್ಲಿ ಕಸುವಿರುತ್ತಿತ್ತು. ಇಳಿಯುವುದಕ್ಕೆ ಯಾವ ಕಾರಣವೂ ಇಲ್ಲದೆ ಇಳಿದು, ಟಿಕ್ ಟಿಕ್ ಎನ್ನಿಸುತ್ತ, ಯಂತ್ರ ನಿಲ್ಲುವುದನ್ನು ಕಿವಿಯಲ್ಲಲ್ಲ, ಬೆನ್ನಿನಲ್ಲಿ ಕೇಳಿಸಿಕೊಳ್ಳುತ್ತ ನಡೆಯುತ್ತಿದ್ದ.

ಕೇಂದ್ರದಲ್ಲಿ ಅವನ ಕೆಲಸ ಮೊಳಕೆ ನೋಡುವುದು. ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿಸಿದ ಬೀಜಗಳನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದು, ಚಿಮಟದಲ್ಲಿ ಒಂದೊಂದನ್ನೇ ಎತ್ತಿ, ಮೊಳೆತದ್ದನ್ನು ಒಂದು ಕಡೆ, ಕೊಳೆತದ್ದನ್ನು ಒಂದು ಕಡೆ ಹಾಕುವುದು. ಅಲ್ಲಿ ಮಾತಿಗೆ ಜಾಗವಿರಲಿಲ್ಲ. ಉಸಿರು ಜೋರಾಗಿ ಬಿಟ್ಟರೆ ಸಣ್ಣ ಬೀಜ ಹಾರುತ್ತದೆ. ಪ್ರತಿ ತಟ್ಟೆಯಲ್ಲೂ ಕೆಲವು ಬೀಜ ಉಳಿಯುತ್ತಿದ್ದವು. ಅಷ್ಟು ದಿನ ನೀರಿನಲ್ಲಿದ್ದರೂ ಉಬ್ಬದೆ, ಒಡೆಯದೆ, ಕೊಳೆಯದೆ, ಇಟ್ಟ ಹಾಗೇ ಇರುವ ಬೀಜಗಳು. ಗಟ್ಟಿ ಬೀಜ ಎಂದು ಅವನ್ನು ಬೇರೆ ಇಡಬೇಕು. ಸತ್ತವು ಎಂದು ಬರೆಯುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನಿಗೆ ಇದನ್ನು ಹೇಳಿದ್ದ. "ಇನ್ನೇನು ಮಾಡ್ಬೇಕಂತೆ ಅದಕ್ಕೆ?" ಎಂದು ಅಪ್ಪ ಕೇಳಿದ್ದರು. "ಏನಿಲ್ಲ. ಮೇಲಿನ ಸಿಪ್ಪೆ ಒಂಚೂರು ಗೀರಿದ್ರೆ ಸಾಕು, ನೀರು ಒಳಗೆ ಹೋಗುತ್ತೆ." "ಅಷ್ಟೇನಾ!" ಎಂದು ಅಪ್ಪ ನಕ್ಕಿದ್ದರು, ಇಷ್ಟಕ್ಕೆ ಸಂಬಳ ಬೇರೆ ಕೊಡ್ತಾರಾ ಎನ್ನುವ ಹಾಗೆ.

ಅಪ್ಪ ಕೊನೆಗಾಲದಲ್ಲಿ ಅಕ್ಕನ ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ಅವನು ಎಂದಿನಂತೆ ತಳ್ಳಿಕೊಂಡು ಹೋಗುವಾಗ ಅಕ್ಕ ಯಂತ್ರದ ಮುಂದಿನಿಂದಲೇ, ಬಾಯಲ್ಲಿ ನೂಲು ಕಚ್ಚಿಕೊಂಡೇ, "ಸಂಜೆ ಇಳಿವಾಗ ಒಂದ್ ಗಳಿಗೆ ನಿಂತು ಹೋಗು, ಅಪ್ಪ ಕೇಳ್ತಿದಾರೆ" ಎಂದಿದ್ದಳು. "ಹೂಂ" ಎಂದಿದ್ದ. ಸಂಜೆ ನೆತ್ತಿಯಿಂದ ಸೈಕಲ್ ಬಿಟ್ಟಾಗ ಗಾಳಿ ಅಂಗಿಯೊಳಗೆ ತುಂಬಿಕೊಂಡಿತು. ದಿನವಿಡೀ ಉಸಿರು ಬಿಗಿಹಿಡಿದು ಕೂತ ಮನುಷ್ಯನಿಗೆ ಅದೊಂದೇ ಬಿಡುಗಡೆ. ತಿರುವಿನಲ್ಲಿ ಅಕ್ಕನ ಬಾಗಿಲು ಕಂಡಿತು, ದೀಪ ಕಂಡಿತು, ಹೂಂ ಎಂದದ್ದು ನೆನಪಾಯಿತು, ಬೆರಳು ಬ್ರೇಕಿಗೆ ಹೋದವು. ಅಷ್ಟರಲ್ಲಿ ಬಾಗಿಲು ಹಿಂದೆ ಉಳಿದಿತ್ತು. ಕಂಬದ ಕೆಳಗೆ ನಿಂತ. ಹಿಂದಿರುಗಿ ನೋಡಿದ. ಹತ್ತು ಮಾರು ಏರು, ಅಷ್ಟೇ. ಸೈಕಲ್ ತಿರುಗಿಸಿ ತಳ್ಳಬೇಕು. ನಾಳೆ ಬೆಳಿಗ್ಗೆ ಹೇಗಿದ್ದರೂ ಈ ದಾರಿಯಲ್ಲೇ ಬರುವುದಲ್ಲ ಎಂದುಕೊಂಡು ಕಾಲೆತ್ತಿದ. ಬೆಳಗಾಗುವುದರೊಳಗೆ ಅಪ್ಪ ಹೋದರು. ಮಣ್ಣು ಮಾಡಿ ಬಂದು ಎಲ್ಲರೂ ಕೂತಿದ್ದಾಗ ಅಕ್ಕ ಯಾರನ್ನೂ ನೋಡದೆ ಹೇಳಿದ್ದಳು: "ಚಕ್ರದ ಸದ್ದು ಕೇಳ್ತು. ಅಪ್ಪ 'ಬಂದ' ಅಂತ ಎದ್ದು ಕೂತ್ರು. ಸದ್ದು ಹಾಗೇ ಹೋಗ್ಬಿಡ್ತು." ಅಷ್ಟೇ ಮಾತು. ದೂರದ ಚಿಕ್ಕಪ್ಪನೊಬ್ಬ ವಾತಾವರಣ ತಿಳಿಮಾಡಲು "ಇಳಿಜಾರಲ್ಲಿ ಸೈಕಲ್ಲು ಯಾರ ಮಾತು ಕೇಳುತ್ತಮ್ಮಾ" ಎಂದ. ಒಬ್ಬಿಬ್ಬರು ನಕ್ಕರು. ಆ ನಗೆಗೆ ತನ್ನ ತುಟಿಯೂ ಸ್ವಲ್ಪ ಅಗಲವಾಗಿತ್ತೇ, ಅಕ್ಕ ಅದನ್ನು ನೋಡಿದಳೇ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಕ್ಕಿರಲಿಲ್ಲ ಎಂದು ಆಣೆ ಮಾಡಲು ಹೊರಟರೆ ಮುಖದ ಸ್ನಾಯು ಸಾಕ್ಷಿ ಹೇಳಲು ಒಪ್ಪುತ್ತಿರಲಿಲ್ಲ.

ಅವನು ಇಳಿಯದೆ ಹತ್ತಿದ ದಿನ ಹಾಗೆಂದು ಎಣಿಸಿಕೊಂಡು ಹೊರಟದ್ದಲ್ಲ. ರಾತ್ರಿ ಮಳೆ ಬಂದು ರಸ್ತೆ ತೊಳೆದಿತ್ತು. ಮೋರಿ ದಾಟಿದ್ದ, ಯಂತ್ರದ ಸದ್ದು ಕಿವಿಗೆ ಬಿದ್ದಿತ್ತು, ಕಾಲಿಗೆ ಕಂಬ ಗೊತ್ತಾಗುವ ಹೊತ್ತು. ಹಿಂದಿನಿಂದ ಲಾರಿಯೊಂದು ಕೊಂಬು ಊದಿತು. ಕೇಂದ್ರಕ್ಕೆ ಬೀಜದ ಮೂಟೆ ತರುವ ಲಾರಿ. ಏರಿನಲ್ಲಿ ಅದೂ ಏದುತ್ತಿತ್ತು. ಎಡಗಡೆ ನೀರು ತುಂಬಿ ಹರಿಯುವ ಚರಂಡಿ, ಬಲಗಡೆ ಲಾರಿಯ ಮೂತಿ. ಇಳಿಯಲು ಕಾಲು ಊರುವಷ್ಟೂ ಜಾಗವಿಲ್ಲ. "ನಿಲ್ಲಿಸ್ಬೇಡಿ ಯಜಮಾನ್ರೇ, ನಿಂತ್ರೆ ನಂದು ಹಿಂದಕ್ಕೆ ಹೋಗುತ್ತೆ!" ಎಂದು ಡ್ರೈವರು ತಲೆ ಹೊರಗೆ ಹಾಕಿ ಕೂಗಿದ. ಕಾಲು ಒಂದು ಗಳಿಗೆ ದಿಕ್ಕುತಪ್ಪಿದವರ ಹಾಗೆ ತಡವರಿಸಿ, ಮತ್ತೆ ಪೆಡಲಿಗೆ ಹೋಯಿತು. ಕಂಬ ಪಕ್ಕಕ್ಕೆ ಬಂದು ಹಿಂದೆ ಸರಿಯಿತು. ಆಮೇಲೆ ಲಾರಿಯೂ ಇರಲಿಲ್ಲ, ಚರಂಡಿಯೂ ಇರಲಿಲ್ಲ. ಯಂತ್ರದ ಸದ್ದೊಂದಿತ್ತು. ಅವನ ಕಾಲು ಲಯ ಹುಡುಕಬೇಕಾಗಿ ಬರಲಿಲ್ಲ. ಆ ಸದ್ದಿನೊಳಗೇ ಬಿದ್ದಿತು. ಅವಳ ಹಲಗೆ ಕೆಳಗಾದಾಗ ಅವನ ಪೆಡಲು ಕೆಳಗೆ, ಮೇಲಾದಾಗ ಮೇಲೆ. ಬಾಗಿಲಿನ ಬೆಳಕು ಕಣ್ಣಂಚಿನಲ್ಲಿ ಹಾದುಹೋಯಿತು. ಯಂತ್ರ ನಿಲ್ಲಲಿಲ್ಲ. ಒಂದು ಹೊಲಿಗೆಯೂ ತಪ್ಪಲಿಲ್ಲ. ತಿರುವು ಬಂತು, ತಿರುವೂ ಹೋಯಿತು. ಅವನು ತುಳಿಯುತ್ತಲೇ ಗೇಟಿಗೆ ಬಂದ.

ಚಾಂಪಿಯನ್ ಎದ್ದು ನಿಂತು ಸಲಾಮು ಹೊಡೆದ. "ನಾನ್ ಹೇಳಿರ್ಲಿಲ್ವಾ ಸಾರ್! ನಿಂತ್ಕೊಂಡು ತುಳಿದ್ರಿ ತಾನೇ?"

"ಇಲ್ಲ, ಕೂತೇ."

"ಅದೇ ಅದೇ. ನಿಂತ್ಕೊಂಡಂಗೆ ಕೂತ್ಕೋಬೇಕು, ಅದೇ ನಾನು ಹೇಳಿದ್ದು." ಆಮೇಲೆ ಸಿಹಿ ಯಾವಾಗ ಎಂದು ಕೇಳಿ, ತನ್ನ ಕಾಲದ ಒಂದು ಪಂದ್ಯ ಎತ್ತಿಕೊಂಡ.

ಆ ದಿನ ಅವನು ಬೀಜದ ತಟ್ಟೆಗಳ ನಡುವೆ ಹಗುರಾಗಿ ಓಡಾಡಿದ. ಏನೋ ಗುನುಗಿದನಂತೆ, ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಊಟದ ಹೊತ್ತಿಗೆ ಹಗುರು ಇಳಿಯತೊಡಗಿತು. ಡಬ್ಬಿ ತೆರೆದು ಕೂತವನಿಗೆ ಬೆಳಗಿನ ಸದ್ದು ಮತ್ತೆ ಕೇಳಿಸಿತು, ನಿಲ್ಲದೆ ಓಡುವ ಯಂತ್ರದ ಸದ್ದು. ಅದು ಯಾರು ಹಾದುಹೋದರೂ ಓಡುವ ಸದ್ದು. ತರಕಾರಿಯವಳು ಹೋದರೂ, ಲಾರಿ ಹೋದರೂ, ಕೊಡೆ ಹಿಡಿದ ಅಪರಿಚಿತರು ಹೋದರೂ ಅದು ಹಾಗೇ ಓಡುತ್ತದೆ. ಈ ಬೀದಿಯಲ್ಲಿ ಅದು ನಿಲ್ಲುತ್ತಿದ್ದದ್ದು ಒಬ್ಬನಿಗೆ. ನಾಲ್ಕು ವರ್ಷ, ಕೆಲಸವಿದ್ದ ಪ್ರತಿ ಬೆಳಿಗ್ಗೆ, ಹೊಲಿಗೆಯ ನಡುವೆ ಎಲ್ಲಿದ್ದರೂ ಅಲ್ಲೇ ಕೈ ತಡೆದು ಒಬ್ಬ ಹೆಂಗಸು ಅವನ ಚಕ್ರದ ಸದ್ದು ಬಾಗಿಲಿನಿಂದ ತಿರುವಿನವರೆಗೆ ಹೋಗುವುದನ್ನು ಕೇಳಿಸಿಕೊಂಡಿದ್ದಳು. ನಿಲ್ಲುತ್ತದೋ ಎಂದು? ಡಬ್ಬಿ ಮುಚ್ಚಿಟ್ಟ. ಹಾಗಿರಲಾರದು ಎಂದುಕೊಂಡ. ಹಾಗಿದ್ದರೆ ತಾನು ಇಷ್ಟು ಪಾಡುಪಟ್ಟು, ಮಂಡಿ ನೋಯಿಸಿಕೊಂಡು, ಕಲ್ಲುಗಣಿಯಲ್ಲಿ ಒಬ್ಬನೇ ಬಿದ್ದು ಎದ್ದು ಕಲಿತದ್ದಾದರೂ ಏನನ್ನು? ಮೇಜಿಗೆ ಮರಳಿ ಚಿಮಟದಲ್ಲಿ ಎತ್ತಿದ ಮೊಳಕೆಯೊಂದರ ಬೇರು ಮುರಿಯಿತು.

ಸಂಜೆ ಇಳಿಯುವಾಗ ನಿಲ್ಲಿಸಬೇಕೆಂದಿದ್ದ. ತಿರುವಿಗೆ ಮೊದಲೇ ಎರಡೂ ಬ್ರೇಕು ಹಿಡಿದೇ ಬಂದ. ಬಾಗಿಲು ಹಾಕಿತ್ತು. ಅಕ್ಕ ಪೇಟೆಗೆ ಹೋಗಿದ್ದಿರಬಹುದು, ನೂಲು ತರಲು. ಹಾಕಿದ ಬಾಗಿಲಿನ ಮುಂದೆ ಒಂದು ಕಾಲು ಊರಿ ನಿಂತಿದ್ದು, ಎದುರುಮನೆಯವರು ಇಣುಕಿದಾಗ, ಚೈನು ನೋಡುವವನ ಹಾಗೆ ಬಗ್ಗಿ ಎದ್ದು ಹೊರಟ.

"ಇವತ್ತು ಇಳಿಯದೇ ಹತ್ತಿದೆ" ಎಂದು ಮನೆಯಲ್ಲಿ ಹೇಳಿದ.

"ಹಾಗಾದ್ರೆ ಇನ್ಮೇಲೆ ಎಣ್ಣೆ ಖರ್ಚಿಲ್ಲ ಅನ್ನಿ" ಎಂದಳು ಹೆಂಡತಿ. ಆಮೇಲೆ, ಪಾತ್ರೆ ತೊಳೆಯುತ್ತಲೇ, "ಗೆದ್ದವರ ಮುಖ ಹೀಗಿರುತ್ತೇನ್ರೀ?" ಎಂದು ಕೇಳಿದಳು. ಅವನು ಸೈಕಲ್ ಒರೆಸಲು ಹೊರಗೆ ಹೋದ.

ಮರುದಿನ ಬೆಳಿಗ್ಗೆ ರಸ್ತೆ ಒಣಗಿತ್ತು. ಹಿಂದೆ ಲಾರಿ ಇರಲಿಲ್ಲ. ಮೋರಿಯನ್ನು ಅವನು ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ. ಉಸಿರು ಮನೆಯಲ್ಲಿ ಕೂತವನ ಉಸಿರಿನಂತಿತ್ತು. ಯಂತ್ರ ಓಡುತ್ತಿತ್ತು. ಕಾಲು ತಾನಾಗಿ ಅದರ ಲಯಕ್ಕೆ ಬಿದ್ದು, ಬಿಟ್ಟರೆ ಹೀಗೇ ಗೇಟಿನವರೆಗೂ, ಇನ್ನೊಂದು ಗುಡ್ಡವಿದ್ದರೆ ಅದರ ನೆತ್ತಿಯವರೆಗೂ ಹೋಗಲು ಸಿದ್ಧವಾಗಿತ್ತು. ಕಂಬ ಬಂತು. ಈ ಸಲ ಕಾಲು ತಾನಾಗಿ ಇಳಿಯಲಿಲ್ಲ. ಅವನೇ ಅದನ್ನು ಪೆಡಲಿನಿಂದ ಬಿಡಿಸಿ, ಹಿಂದಿನಿಂದ ಸುತ್ತಿಸಿ, ನೆಲಕ್ಕೆ ಊರಬೇಕಾಯಿತು. ಇಳಿದ. ಬೆನ್ನು ಸ್ವಲ್ಪ ಬಗ್ಗಿಸಿದ. ಬಾಯಿ ತೆರೆದು, ಏದುಸಿರು ಬಿಡುವವನ ಹಾಗೆ ಒಂದೆರಡು ಸಲ ಉಸಿರು ಬಿಟ್ಟ. ಸುಳ್ಳು ಉಸಿರು ಅವನ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಟಿಕ್ ಟಿಕ್ ಟಿಕ್ ಟಿಕ್. ಬಾಗಿಲಿನ ನೇರಕ್ಕೆ ಬಂದ.

ಯಂತ್ರ ನಿಂತಿತು.

ಅವನು ಎಂದಿಗಿಂತ ನಿಧಾನವಾಗಿ ನಡೆದ. ಹೆಜ್ಜೆ ಕಿರಿದು ಮಾಡಿದ. ಆ ಮೌನ ಮುಗಿಯದಿದ್ದರೆ ಸಾಕು ಅನ್ನಿಸುತ್ತಿತ್ತು.

"ನಿನ್ನೆ ಹತ್ಕೊಂಡೇ ಹೋದ್ಯಲ್ಲ?"

ಧ್ವನಿ ಹಳತಾಗಿತ್ತು. ಬಾಯಲ್ಲಿ ನೂಲಿತ್ತೇನೋ, ಮಾತು ಹಲ್ಲಿನ ನಡುವಿನಿಂದ ಬಂದಂತಿತ್ತು. ಅವನು ನಿಂತ. ಚಕ್ರದ ಸದ್ದೂ ನಿಂತಿತು.

"ಇವತ್ತೇನಾಯ್ತು ಕಾಲಿಗೆ?"

ಅವನು ತಿರುಗಿ ನೋಡಲಿಲ್ಲ. ನೋಡಿದರೆ ಅವಳ ತಲೆ ಎತ್ತಿದೆಯೋ ತಗ್ಗಿದೆಯೋ ತಿಳಿದುಬಿಡುತ್ತಿತ್ತು. "ದಮ್ಮು... ದಮ್ಮು ಕಟ್ತು ಅಕ್ಕ" ಎಂದ. ಹೇಳಿ ಮುಗಿಯುವಷ್ಟರಲ್ಲಿ ಅದು ನಿಜವಾಗಿತ್ತು. ಗಂಟಲಿನಿಂದ ಕೆಳಗೆ ಉಸಿರು ಇಳಿಯುತ್ತಿರಲಿಲ್ಲ, ಸೀಟಿನ ಮೇಲೆ ಕೈಯೂರಿ ನಿಲ್ಲಬೇಕಾಯಿತು.

ಅಕ್ಕ ಒಳಗೆ ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನೆತ್ತಿಯ ಮೇಲೆ ಕೇಂದ್ರದ ಗಂಟೆ ಬಾರಿಸಿದ್ದು ಕೇಳಿಸಿತು. ಅವನು ಹತ್ತಲಿಲ್ಲ. ಯಂತ್ರವೂ ಹೊರಡಲಿಲ್ಲ.